ಕಾನೂನು ಬದಲಿಸಿದ ನೆಲ, ಕಾನೂನನ್ನು ದಾಟಿದ ಊರು

ಕನಕಪುರ ರಸ್ತೆಯ ಕೋಣನಕುಂಟೆ ಇಂದು ಬೆಂಗಳೂರು ಮಹಾನಗರದ ಒಂದು ಭಾಗ. 2021ರ ಜನವರಿಯಿಂದ ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೊ ರೈಲು ನಿಲ್ಲುತ್ತದೆ. ರಸ್ತೆಯ ಎರಡೂ ಬದಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಆದರೆ ಇಲ್ಲಿ ಹತ್ತನೆಯ ಮಹಡಿಯ ಮನೆಯೊಂದನ್ನು ಕೊಳ್ಳುವವರ ಕ್ರಯಪತ್ರ ಮಾತ್ರ ಇನ್ನೂ ಹಳ್ಳಿಯ ಭಾಷೆಯನ್ನೇ ಆಡುತ್ತದೆ. ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿ, ಕೋಣನಕುಂಟೆ ಗ್ರಾಮ ಎಂದು ಆರಂಭವಾಗಿ ಸರ್ವೆ ನಂಬರು, ಎಕರೆ ಗುಂಟೆಗಳ ಲೆಕ್ಕ, ನಾಲ್ಕು ದಿಕ್ಕಿನ ಚಕ್ಕುಬಂದಿ ಎಂದು ಅದು ಮುಂದುವರಿಯುತ್ತದೆ.

ಸಾಲ ಕೊಡುವ ಬ್ಯಾಂಕಿನ ವಕೀಲರು ಈ ಪತ್ರಗಳನ್ನು ಓದಿ ಕೆಲವು ಪ್ರಶ್ನೆ ಕೇಳುತ್ತಾರೆ. ಜಮೀನು ಹಿಂದೆ ಇನಾಮಿನದಾಗಿತ್ತೇ? ಇದರ ಮೇಲೆ ಗೇಣಿದಾರರು ಅರ್ಜಿ ಹಾಕಿದ್ದರೇ? ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯೇ? ನಡುವೆ ಕೃಷಿಕರಲ್ಲದವರು ಕೊಂಡಿದ್ದರೇ? ಮನೆಯ ಹೆಣ್ಣುಮಕ್ಕಳು ಸಹಿ ಹಾಕಿದ್ದಾರೆಯೇ? ಇಂಥ ಪ್ರಶ್ನೆಗಳಿಗಾಗಿ ತಾಲ್ಲೂಕು ಕಚೇರಿಯ ಅಥವಾ ಉಪವಿಭಾಗಾಧಿಕಾರಿ ಕಚೇರಿಯ ಹಿಂಬರಹ ತರಲು ಜನ ಅಲೆಯುತ್ತಾರೆ. ಕೊಳ್ಳುವವರ ಪಾಲಿಗೆ ಇದು ಕಿರಿಕಿರಿ. ಆದರೆ ಗಮನವಿಟ್ಟು ನೋಡಿದರೆ ಈ ಪ್ರತಿಯೊಂದು ಪ್ರಶ್ನೆಯೂ ಸಮಾಜವನ್ನು ಬದಲಿಸಲೆಂದೇ ಬಂದ ಒಂದೊಂದು ಕಾನೂನಿನ ಹೆಜ್ಜೆಗುರುತು. ಒಂದೇ ನೆಲದ ಮೇಲೆ ಹಾದುಹೋದ ಈ ಕಾನೂನುಗಳಲ್ಲಿ ಯಾವುದು ಬದುಕನ್ನು ಬದಲಿಸಿತು, ಯಾವುದು ಕಾಗದದಲ್ಲಿ ಉಳಿಯಿತು, ಯಾವುದನ್ನು ಜನ ಬಳಸಿಕೊಂಡು ದಾಟಿದರು ಎಂದು ನೋಡಿದರೆ, ಶಾಸನದಿಂದ ಸಮಾಜ ಬದಲಾದೀತೇ ಎಂಬ ಹಳೆಯ ಪ್ರಶ್ನೆಗೆ ಕೆಲಮಟ್ಟಿನ ಉತ್ತರ ಸಿಗುತ್ತದೆ.

ಹುದ್ದೆ ಹೋಯಿತು, ಕೆಲಸ ಉಳಿಯಿತು

ಕೋಣನಕುಂಟೆಯ ಹೆಸರಿನಲ್ಲೇ ಒಂದು ಕುಂಟೆ ಇದೆ. ಬೆಂಗಳೂರು ಸುತ್ತಿನ ಬಯಲುಸೀಮೆಯ ಹಳ್ಳಿಗಳು ಹೀಗೆ ಕೆರೆ, ಕುಂಟೆ, ಕಟ್ಟೆಗಳನ್ನು ನಂಬಿ ಬೆಳೆದವು. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚುವವನು ನೀರಗಂಟಿ. ಊರಿನ ಚಾಕರಿಗೆ ತೋಟಿ, ಕಾವಲಿಗೆ ತಳವಾರ, ಲೆಕ್ಕಕ್ಕೆ ಶಾನುಭೋಗ, ಯಜಮಾನಿಕೆಗೆ ಪಟೇಲ. ಈ ಹುದ್ದೆಗಳು ತಂದೆಯಿಂದ ಮಗನಿಗೆ ಬರುತ್ತಿದ್ದವು. ಸಂಬಳದ ಬದಲು ಇನಾಮು ಜಮೀನು ಇರುತ್ತಿತ್ತು. ಮೇಲಿನ ಹುದ್ದೆ ಹುಟ್ಟಿನಿಂದಲೇ ಅಧಿಕಾರ ಕೊಟ್ಟರೆ, ತೋಟಿಯಂಥ ಕೆಳಗಿನ ಹುದ್ದೆ ಹುಟ್ಟಿನಿಂದಲೇ ಬಿಟ್ಟಿ ಚಾಕರಿಯ ನೊಗ ಹೊರಿಸುತ್ತಿತ್ತು.

ಮೈಸೂರು ರಾಜ್ಯ 1954 ಮತ್ತು 1955ರಲ್ಲಿ ಇನಾಮುಗಳನ್ನು ರದ್ದುಪಡಿಸುವ ಕಾಯ್ದೆಗಳನ್ನು ತಂದಿತು. ಅದರ ಮುಂದಿನ ಹೆಜ್ಜೆಯೇ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ. 1963ರ ಫೆಬ್ರುವರಿ 1ರಿಂದ ಅದು ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು. ಇನಾಮು ಜಮೀನನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡು, ನಿಗದಿ ಹಣ ಕಟ್ಟಿಸಿಕೊಂಡು ಅದೇ ಕುಟುಂಬಗಳಿಗೆ ಮರುಮಂಜೂರು ಮಾಡುವ ಏರ್ಪಾಡು ಮಾಡಿತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು.

ಹುಟ್ಟಿನಿಂದ ಬರುವ ಅಧಿಕಾರಕ್ಕೆ ಮತ್ತು ಹುಟ್ಟಿನಿಂದ ಅಂಟುವ ಚಾಕರಿಗೆ ಒಂದೇ ಏಟಿನಲ್ಲಿ ಕಾನೂನಿನ ಮಾನ್ಯತೆ ತಪ್ಪಿಸಿದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಲೆಕ್ಕ ಬರೆಯುವವನ ಬದಲು ಇನ್ನೊಬ್ಬನನ್ನು ನೇಮಿಸಿದ ಸರ್ಕಾರ, ತೂಬು ಎತ್ತುವವನ ವಿಷಯದಲ್ಲಿ ಅಷ್ಟೇ ಕಾಳಜಿ ತೋರಲಿಲ್ಲ. ನೀರಗಂಟಿಯ ಹುದ್ದೆ ಹೋದರೂ ಕೆರೆ ನೋಡಿಕೊಳ್ಳುವ ಕೆಲಸ ಹಾಗೆಯೇ ಉಳಿದಿತ್ತು. ಅದನ್ನು ಮಾಡುವವರು ಯಾರೆಂಬುದು ಅನೇಕ ಊರುಗಳಲ್ಲಿ ತೀರ್ಮಾನವಾಗಲೇ ಇಲ್ಲ. ಬೆಂಗಳೂರು ಸುತ್ತಿನ ಕೆರೆಗಳು ಹಾಳಾಗಲು ಕಾರಣ ಹಲವಾರು. ಅವುಗಳಲ್ಲಿ ಇದೂ ಒಂದು. ಅನ್ಯಾಯದ ವ್ಯವಸ್ಥೆಯೂ ಒಂದು ಕೆಲಸ ಮಾಡುತ್ತಿರುತ್ತದೆ. ಅನ್ಯಾಯವನ್ನು ತೆಗೆಯುವ ಕಾನೂನು ಆ ಕೆಲಸಕ್ಕೆ ಬೇರೆ ದಾರಿ ಮಾಡದಿದ್ದರೆ ನಷ್ಟ ಊರಿನದೇ.

ಉಳುವವನ ಮಾತಿಗೆ ಬೆಲೆ

ವಕೀಲರ ಪಟ್ಟಿಯಲ್ಲಿರುವ ಗೇಣಿಯ ಪ್ರಶ್ನೆ ಕರ್ನಾಟಕದ ಬಹುದೊಡ್ಡ ಶಾಸನಕ್ಕೆ ಸಂಬಂಧಿಸಿದ್ದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಎದ್ದ ರೈತ ಸತ್ಯಾಗ್ರಹ, ಗೇಣಿ ರೈತರ ಪಾಡನ್ನು ರಾಜ್ಯದ ಮುಂದಿಟ್ಟಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದಲೇ ನಾಡಿಗೆ ಪರಿಚಿತರಾದರು.

ಹತ್ತು ವರ್ಷಗಳ ನಂತರ, 1961ರಲ್ಲಿ, ಭೂಸುಧಾರಣಾ ಕಾಯ್ದೆ ಅಂಗೀಕಾರವಾಯಿತು. ಆದರೆ ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಮುಂಚಿತವಾಗಿ ಸುಳಿವು ಸಿಕ್ಕ ಭೂಮಾಲೀಕರಿಗೆ ಗೇಣಿದಾರರನ್ನು ಬಿಡಿಸಲು, ಜಮೀನನ್ನು ಬಂಧುಗಳ ಹೆಸರಿಗೆ ಹಂಚಲು ಬೇಕಾದಷ್ಟು ಕಾಲ ಸಿಕ್ಕಿತು. ಸ್ವಂತ ಸಾಗುವಳಿಗೆಂದು ಜಮೀನನ್ನು ಮರಳಿ ಪಡೆಯುವ ಅವಕಾಶವೂ ಅವರಿಗಿತ್ತು. ಗೇಣಿ ಚೀಟಿಯೇ ಇಲ್ಲದ ರೈತ ತಾನು ಗೇಣಿದಾರನೆಂದು ಸಾಬೀತು ಮಾಡುವುದಾದರೂ ಹೇಗೆ? ಹೆಸರಿಗೆ ರೈತನ ಪರವಾಗಿದ್ದ ಕಾನೂನು ನಡೆದದ್ದು ಕಾಗದ ಇದ್ದವರ ಪರವಾಗಿ.

ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಂದಿನಿಂದ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರದ ಒಡೆತನಕ್ಕೆ ಸೇರಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಅಧಿಭೋಗದ ಹಕ್ಕು ಪಡೆಯಬಹುದಾಯಿತು. ಸೈನಿಕರು, ನಾವಿಕರು ಮುಂತಾದವರಿಗೆ ಬಿಟ್ಟರೆ ಬೇರಾರಿಗೂ ಗೇಣಿಗೆ ಕೊಡುವ ಅವಕಾಶ ಉಳಿಯಲಿಲ್ಲ. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಹಳ್ಳಿಹಳ್ಳಿಗೂ ತಲುಪಿತು.

ಈ ಎರಡನೆಯ ಕಾನೂನು ಫಲ ಕೊಟ್ಟದ್ದು ಘೋಷಣೆಯ ಬಲದಿಂದ ಮಾತ್ರವಲ್ಲ. ತೀರ್ಮಾನ ಮಾಡುವ ಜಾಗವನ್ನೇ ಅದು ಬದಲಿಸಿತು. ಸಿವಿಲ್ ನ್ಯಾಯಾಲಯದ ಬದಲು ಭೂ ನ್ಯಾಯಮಂಡಲಿ ಬಂತು. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷರು. ಸರ್ಕಾರ ನೇಮಿಸಿದ ನಾಲ್ವರು ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಈ ನಿರ್ಬಂಧವನ್ನು 1987ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಅಷ್ಟರಲ್ಲಿ ಬಹುಪಾಲು ಅರ್ಜಿಗಳ ವಿಚಾರಣೆ ಮುಗಿದಿತ್ತು. ಊರಿನವರ ಸಾಕ್ಷ್ಯಕ್ಕೆ, ಪಕ್ಕದ ಹೊಲದವನ ಮಾತಿಗೆ ಅಲ್ಲಿ ಬೆಲೆಯಿತ್ತು. ಅರ್ಜಿಯ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ 1979ರ ಜೂನ್ 30ರವರೆಗೆ ತರಲಾಯಿತು. ರಾಜ್ಯದಾದ್ಯಂತ ಸುಮಾರು 8 ಲಕ್ಷ ಅರ್ಜಿಗಳು ಬಂದವು, ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಗೇಣಿದಾರರ ಪರವಾಗಿ ತೀರ್ಮಾನವಾದವು.

ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ನಡೆದ ಭೂಸುಧಾರಣೆಯಲ್ಲಿಯೂ ಇದೇ ಗುಟ್ಟಿತ್ತು. ಅಲ್ಲಿ ಹಳ್ಳಿಯ ಭೂಸಮಿತಿಗೆ ಐವರು ಗೇಣಿದಾರರು, ಮೂವರು ಭೂಮಾಲೀಕರು, ಇಬ್ಬರು ಸ್ವಂತ ಸಾಗುವಳಿದಾರರು ಚುನಾಯಿತರಾಗುತ್ತಿದ್ದರು. ಪಂಚಾಯಿತಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದರ ಮೇಲೆ ನ್ಯಾಯ ನಿಂತಿರುತ್ತದೆ ಎಂಬುದನ್ನು ಎರಡೂ ಕಡೆಯ ಶಾಸನಕರ್ತರು ಅರಿತಿದ್ದರು.

ಆದರೂ ಈ ಕಾನೂನಿಗೆ ಮಿತಿಗಳಿದ್ದವು. ಗೇಣಿ ಪದ್ಧತಿ ಬೇರೂರಿದ್ದ ಕರಾವಳಿ ಮತ್ತು ಮಲೆನಾಡಿನಲ್ಲಿ ಅದು ಬದುಕನ್ನೇ ತಿರುಗಿಸಿತು. ಸಣ್ಣ ಹಿಡುವಳಿಯ ರಾಗಿ ಹೊಲಗಳ ಬೆಂಗಳೂರು ಸೀಮೆಯಲ್ಲಿ ಅದರ ಪರಿಣಾಮ ಅಷ್ಟು ದೊಡ್ಡದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗೇಣಿಯೂ ಇಲ್ಲದೆ ಬರೀ ಕೂಲಿಯಿಂದ ಬದುಕುತ್ತಿದ್ದವರಿಗೆ ಅದು ಕೊಟ್ಟದ್ದು ಅಲ್ಪ. ಮಿತಿ ಮೀರಿದ ಹಿಡುವಳಿಯಿಂದ ಹೆಚ್ಚುವರಿ ಭೂಮಿ ಬರುತ್ತದೆ, ಅದನ್ನು ಭೂಹೀನರಿಗೆ ಹಂಚಬಹುದು ಎಂಬ ನಿರೀಕ್ಷೆ ಬಹುಮಟ್ಟಿಗೆ ಹುಸಿಯಾಯಿತು.

ಕೊಟ್ಟ ಭೂಮಿ, ಉಳಿಯದ ಭೂಮಿ

ಭೂಹೀನ ದಲಿತರಿಗೆ ಸರ್ಕಾರಿ ಜಮೀನನ್ನು ದರಖಾಸ್ತಿನ ಮೂಲಕ ಕೊಡುವ ಪದ್ಧತಿ ಮೈಸೂರು ಸಂಸ್ಥಾನದ ಕಾಲದಿಂದಲೂ ಇತ್ತು. ಇಂತಿಷ್ಟು ವರ್ಷ, ಕೆಲವೊಮ್ಮೆ ಎಂದೆಂದಿಗೂ, ಅದನ್ನು ಪರಭಾರೆ ಮಾಡಕೂಡದು ಎಂಬ ಷರತ್ತು ಮಂಜೂರಾತಿಯಲ್ಲೇ ಇರುತ್ತಿತ್ತು. ಆದರೆ ಭೂಮಿಯ ಜೊತೆಗೆ ಎತ್ತು, ಬೀಜ, ಬಾವಿ ಬರುತ್ತಿರಲಿಲ್ಲ. ಒಂದು ಬರಗಾಲ, ಒಂದು ಮದುವೆ, ಒಂದು ಕಾಯಿಲೆ ಬಂದರೆ ಸಾಕು, ಹೊಲ ಕೈಬಿಡುತ್ತಿತ್ತು. ಕೊಂಡವನು ಬಹುಮಟ್ಟಿಗೆ ಸಾಲ ಕೊಟ್ಟ ಬಲ್ಲಿದನೇ ಆಗಿರುತ್ತಿದ್ದ.

ಇದನ್ನು ತಡೆಯಲು ಬಂದದ್ದು 1978ರ ಕಾಯ್ದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರ ಕೆಲವು ಜಮೀನುಗಳ ಪರಭಾರೆ ನಿಷೇಧ ಎಂಬುದು ಅದರ ಉದ್ದೇಶ. ಜನರ ಬಾಯಲ್ಲಿ ಅದು ಪಿಟಿಸಿಎಲ್ ಕಾಯ್ದೆ. ಷರತ್ತು ಮುರಿದು ನಡೆದ ಮಾರಾಟ ಕಾಯ್ದೆಗೆ ಮುಂಚಿನದಾಗಿದ್ದರೂ ಅಸಿಂಧು, ಜಮೀನನ್ನು ಮೂಲ ಮಂಜೂರುದಾರನಿಗೆ ಅಥವಾ ವಾರಸುದಾರರಿಗೆ ಮರಳಿಸಬೇಕು, ಮುಂದೆ ಮಾರಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು ಎಂದು ಅದು ಹೇಳಿತು. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ದುರ್ಬಲನ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆಯೆಂದು ತಿಳಿಯಲಾಗದು ಎಂಬ ಅರಿವು ಈ ಶಾಸನದ ಬೆನ್ನೆಲುಬು.

ಇಲ್ಲೊಂದು ಬಿರುಕೂ ಇತ್ತು. ವಂಶಪಾರಂಪರ್ಯ ಹುದ್ದೆಗಳ ರದ್ದಿಯಾತಿಯಿಂದ ಬಂದ ಜಮೀನು ಈ ಕಾಯ್ದೆಯ ವ್ಯಾಖ್ಯೆಗೆ ಸೇರುವುದಿಲ್ಲ. ಎಂದರೆ, ದರಖಾಸ್ತಿನಲ್ಲಿ ಹೊಲ ಪಡೆದ ದಲಿತನಿಗೆ ಸಿಕ್ಕ ರಕ್ಷಣೆ, ತಲೆಮಾರುಗಳ ಚಾಕರಿಗೆ ಪ್ರತಿಯಾಗಿ ಹೊಲ ಪಡೆದ ತೋಟಿಯ ಮಗನಿಗೆ ಸಿಗಲಿಲ್ಲ. ಅಂಥ ಜಮೀನಿನ ಪರಭಾರೆಗೆ 15 ವರ್ಷಗಳ ತಡೆಯನ್ನು ಬೇರೊಂದು ತಿದ್ದುಪಡಿ ಹಾಕಿತು. ಅವಧಿ ಮುಗಿದಂತೆ ಆ ರಕ್ಷಣೆಯೂ ಮುಗಿಯಿತು. ನೆಲದ ಬೆಲೆ ಏರತೊಡಗಿದ ಕಾಲದಲ್ಲಿಯೇ ಬೇಲಿ ಬಿದ್ದಿತ್ತು.

ನಗರ ಹತ್ತಿರ ಬಂದಂತೆ ಪಿಟಿಸಿಎಲ್ ಕಾಯ್ದೆಯ ಸ್ವರೂಪವೂ ಬದಲಾಯಿತು. ಮೂವತ್ತು ನಲವತ್ತು ವರ್ಷಗಳ ಹಿಂದೆ ಕೈಬಿಟ್ಟ ಹೊಲದಲ್ಲಿ ಈಗ ನೂರಾರು ಮನೆಗಳು. ಮೊದಲು ಕೊಂಡ ಬಲ್ಲಿದ ಲಾಭ ಮಾಡಿ ಹೋಗಿದ್ದಾನೆ. ಉಳಿದವರು ಒಂದು ಕಡೆ ಮಂಜೂರುದಾರನ ಮೊಮ್ಮಕ್ಕಳು, ಇನ್ನೊಂದು ಕಡೆ ಸಾಲ ಮಾಡಿ ಮನೆ ಕಟ್ಟಿಕೊಂಡ ಕೆಳಮಧ್ಯಮ ವರ್ಗದವರು. ಪ್ರಕರಣ ಹೂಡಿ, ಕೊನೆಗೆ ಹಣ ಪಡೆದು ರಾಜಿಯಾದ ಉದಾಹರಣೆಗಳೂ ಇವೆ. 2017ರಲ್ಲಿ ಸುಪ್ರೀಂ ಕೋರ್ಟ್, ಮರಳಿ ಕೊಡಿಸಲು ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕು ಎಂದಿತು. ನೊಂದ ಕುಟುಂಬಗಳ ದೀರ್ಘ ಹೋರಾಟದ ನಂತರ, 2023ರಲ್ಲಿ ರಾಜ್ಯ ವಿಧಾನಮಂಡಲ ಕಾಲಮಿತಿ ಅನ್ವಯಿಸದು ಎಂದು ತಿದ್ದುಪಡಿ ತಂದಿತು. ವಿಳಂಬದ ಪ್ರಶ್ನೆ ಅದರ ನಂತರವೂ ನ್ಯಾಯಾಲಯಗಳಲ್ಲಿ ಏಳುತ್ತಲೇ ಇದೆ. ಹಕ್ಕು ಕೊಡುವ ಕಾನೂನಿಗೆ ಹಕ್ಕನ್ನು ಹಿಡಿದುಕೊಳ್ಳುವ ಶಕ್ತಿಯನ್ನು ಕೊಡಲು ಆಗದಿದ್ದಾಗ, ನ್ಯಾಯ ಎರಡು ತಲೆಮಾರು ತಡವಾಗಿ, ಬೇರೆಯವರ ಬಾಗಿಲಲ್ಲಿ ಬಂದು ನಿಲ್ಲುತ್ತದೆ.

ಬಾಗಿಲಿಲ್ಲದ ಗೋಡೆ

1974ರ ತಿದ್ದುಪಡಿಯಲ್ಲಿಯೇ ಇನ್ನೊಂದು ಉಪಾಯವಿತ್ತು. ಬೇಸಾಯವಲ್ಲದ ಮೂಲದಿಂದ ವರ್ಷಕ್ಕೆ 12,000 ರೂಪಾಯಿಗಿಂತ ಹೆಚ್ಚು ವರಮಾನ ಇರುವವರು ಕೃಷಿಭೂಮಿ ಕೊಳ್ಳುವಂತಿಲ್ಲ ಎಂದು 79ಎ ಕಲಮು ಹೇಳಿತು. ಸ್ವತಃ ಬೇಸಾಯ ಮಾಡದವರು ಅದನ್ನು ಹೊಂದುವಂತಿಲ್ಲ ಎಂದು 79ಬಿ ಕಲಮು ಹೇಳಿತು. ನಗರದ ಹಣ ಹಳ್ಳಿಯ ಹೊಲವನ್ನು ನುಂಗದಿರಲಿ ಎಂಬುದು ಆಶಯ. ವರಮಾನದ ಮಿತಿ ಕಾಲಕಾಲಕ್ಕೆ ಏರಿ 1995ರಲ್ಲಿ 2 ಲಕ್ಷ, 2015ರಲ್ಲಿ 25 ಲಕ್ಷ ರೂಪಾಯಿ ಆಯಿತು.

ಕೋಣನಕುಂಟೆಯಂಥ ಅಂಚಿನ ಊರುಗಳಲ್ಲಿ ಈ ಗೋಡೆಗೆ ಎರಡೂ ಕಡೆಯಿಂದ ಒತ್ತಡ ಬಂತು. ಒಳಗೆ, ರಾಗಿಯಿಂದ ಸಂಸಾರ ಸಾಗಿಸಲಾಗದ ರೈತ. ಹೊರಗೆ, ಮೂವತ್ತು ನಲವತ್ತು ಅಡಿಯ ನಿವೇಶನಕ್ಕಾಗಿ ಹಂಬಲಿಸುವ ಗುಮಾಸ್ತ, ಕಾರ್ಖಾನೆ ಕಾರ್ಮಿಕ, ಬಸ್ ಕಂಡಕ್ಟರ್. 1976ರ ಕಾಯ್ದೆಯಿಂದ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳು ಬೇಡಿಕೆಯ ವೇಗಕ್ಕೆ ಎಂದೂ ಸಾಲಲಿಲ್ಲ. ಕೃಷಿಭೂಮಿಯನ್ನು ಪರಿವರ್ತಿಸಿಕೊಳ್ಳುವ ಕಾನೂನಿನ ದಾರಿ ದೂರದ್ದು, ದುಬಾರಿಯದು. ಆದ್ದರಿಂದ ಮೂರನೆಯ ದಾರಿ ಹುಟ್ಟಿತು. ಹೊಲವನ್ನು ಸುಣ್ಣದ ಗೆರೆ ಎಳೆದು ತುಂಡು ಮಾಡಿ, ಮುಖ್ತಿಯಾರು ಪತ್ರ ಮತ್ತು ಕರಾರು ಪತ್ರಗಳ ಮೇಲೆ ಮಾರುವ 'ರೆವಿನ್ಯೂ ಸೈಟು' ಬಂತು. ಮುಖ್ತಿಯಾರು ಪತ್ರದಿಂದ ಒಡೆತನ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸುವ ಹೊತ್ತಿಗೆ ಇಡೀ ಬೀದಿಗಳೇ ಆ ಕಾಗದಗಳ ಮೇಲೆ ನಿಂತಿದ್ದವು.

ಇದರ ಫಲ ವಿಚಿತ್ರ. ನಿಷೇಧ ಮಾರಾಟವನ್ನು ನಿಲ್ಲಿಸಲಿಲ್ಲ, ಬೆಲೆಯನ್ನು ಮಾತ್ರ ಹಂಚಿತು. ಕಾನೂನಿನ ಭಯದಿಂದ ರೈತನಿಗೆ ಕಡಿಮೆ ಬೆಲೆ ಸಿಕ್ಕಿತು. ಕೊಂಡವನಿಗೆ ಚರಂಡಿ, ಉದ್ಯಾನ, ಅಗಲವಾದ ರಸ್ತೆ ಸಿಗಲಿಲ್ಲ. ಕಾನೂನಿನ ಸಂದುಗೊಂದು ಬಲ್ಲ ಮಧ್ಯವರ್ತಿಗೆ ಲಾಭ ಸಿಕ್ಕಿತು. 2020ರಲ್ಲಿ ಸರ್ಕಾರ ಈ ಕಲಮುಗಳು ಕಿರುಕುಳಕ್ಕೂ ಭ್ರಷ್ಟಾಚಾರಕ್ಕೂ ದಾರಿಯಾಗಿವೆ ಎಂದು ಹೇಳಿ ತೆಗೆದುಹಾಕಿತು. ಭೂಮಿ ಕಂಪನಿಗಳ ಪಾಲಾಗುತ್ತದೆ ಎಂದು ರೈತ ಸಂಘಟನೆಗಳು ಪ್ರತಿಭಟಿಸಿದವು. ಗಮನಿಸಬೇಕಾದ ಸಂಗತಿಯೆಂದರೆ, ಅವುಗಳನ್ನು 1974ರ ಮಾರ್ಚ್ 1ರಿಂದಲೇ ತೆಗೆಯಲಾಗಿದೆ ಎಂದು ಭಾವಿಸತಕ್ಕದ್ದು ಎಂದು ಹೊಸ ಶಾಸನ ಹೇಳಿತು. ನಲವತ್ತಾರು ವರ್ಷ ಬದುಕಿದ್ದ ಕಾನೂನು ಹುಟ್ಟಿಯೇ ಇರಲಿಲ್ಲವೆಂದಾಯಿತು. ಅಷ್ಟು ಕಾಲ ಅದಕ್ಕೆ ಅಂಜಿ ಅಗ್ಗಕ್ಕೆ ಮಾರಿದವರ ನಷ್ಟವನ್ನು ಹೀಗೆ ಹಿಂದಕ್ಕೆ ಹೋಗಿ ಅಳಿಸಲು ಮಾತ್ರ ಯಾವ ಶಾಸನಕ್ಕೂ ಸಾಧ್ಯವಿಲ್ಲ.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ 110 ಹಳ್ಳಿಗಳು ಹಾಗೂ ಪುರಸಭೆಗಳು ಅದರಲ್ಲಿ ಸೇರಿದವು. ಕ್ರಮಬದ್ಧವಲ್ಲದ ಆಸ್ತಿಗಳಿಂದಲೂ ತೆರಿಗೆ ಪಡೆಯಲು 'ಬಿ' ವಹಿ ಬಳಕೆಗೆ ಬಂತು. ತೆರಿಗೆ ಕಟ್ಟುವಷ್ಟು ನಾಗರಿಕರು, ಮನೆ ಕಟ್ಟುವಷ್ಟು ಹಕ್ಕುದಾರರಲ್ಲ ಎಂಬ ತ್ರಿಶಂಕು ಸ್ಥಿತಿ ಅದು. ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಒಪ್ಪಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಪಾಲಿಕೆಯ ಜಾಗಕ್ಕೆ ಐದು ಹೊಸ ನಗರ ಪಾಲಿಕೆಗಳು ಬಂದವು. ಅದೇ ವರ್ಷ ಖಾತೆ ಬದಲಾವಣೆಯ ಪ್ರಯತ್ನವೂ ಮತ್ತೆ ಆರಂಭವಾಯಿತು. ಊರು ಮುಂದೆ, ಕಾನೂನು ಹಿಂದೆ ಎಂಬ ಓಟ ಇಲ್ಲಿ ಮುಗಿದೇ ಇಲ್ಲ.

ಮಗಳ ಸಹಿ

ಪಟ್ಟಿಯ ಕೊನೆಯ ಪ್ರಶ್ನೆ ಹೆಣ್ಣುಮಕ್ಕಳದು. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಸಮನಾದ ಹಕ್ಕನ್ನು ಮಗಳಿಗೆ ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ಜಾರಿಗೊಳಿಸಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಹಕ್ಕು ಹುಟ್ಟಿನಿಂದಲೇ ಬರುವಂಥದು, ತಂದೆ ಆಗ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು.

ಬೆಂಗಳೂರಿನ ಅಂಚಿನಲ್ಲಿ ಈ ಕಾನೂನಿಗೆ ಬಲ ಬಂದದ್ದು ಸಮಾಜದ ಮನಸ್ಸು ಬದಲಾದ್ದರಿಂದ ಮಾತ್ರವಲ್ಲ. ಮಗಳ ಸಹಿ ಇಲ್ಲದ ಜಮೀನಿಗೆ ಬ್ಯಾಂಕು ಸಾಲ ಕೊಡದು, ಕಟ್ಟಡ ಕಟ್ಟುವವನು ಮುಂಗಡ ಕೊಡನು. ಹೀಗಾಗಿ ಅರಿಶಿನ ಕುಂಕುಮಕ್ಕೆ ಮಾತ್ರ ತವರಿಗೆ ಬರುತ್ತಿದ್ದವಳನ್ನು ಉಪನೋಂದಣಿ ಕಚೇರಿಗೂ ಕರೆಯಲೇಬೇಕಾಯಿತು. ಬಹಳ ಕಡೆ ಆಕೆ ಪಾಲಿಗಲ್ಲ, ಹಕ್ಕು ಬಿಡುಗಡೆಯ ಪತ್ರಕ್ಕೇ ಸಹಿ ಹಾಕುತ್ತಾಳೆ. ಕೇಳಿದರೆ ತವರು ಮುರಿದೀತೆಂಬ ಅಳುಕು ಇನ್ನೂ ಇದೆ. ಆದರೂ ಬಿಟ್ಟುಕೊಡು ಎಂದು ಕೇಳಬೇಕಾದರೆ ಆಕೆಗೆ ಹಕ್ಕಿದೆಯೆಂದು ಮೊದಲು ಒಪ್ಪಬೇಕಾಗುತ್ತದೆ. ಕಾನೂನು ಮನಸ್ಸನ್ನು ಬದಲಿಸಿರಲಿಕ್ಕಿಲ್ಲ, ಮಾತುಕತೆಯನ್ನಂತೂ ಬದಲಿಸಿದೆ.

ಹೊಸ ಗೇಣಿದಾರ

ಈ ಎಲ್ಲ ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಸಾಬೀತು ಮಾಡುವ ಹೊರೆಯನ್ನು ಬಡವನ ಹೆಗಲಿನಿಂದ ಇಳಿಸಿದ, ತೀರ್ಮಾನವನ್ನು ಅವನ ಊರಿನ ಹತ್ತಿರಕ್ಕೆ ತಂದ ಶಾಸನ ಬೇರು ಬಿಟ್ಟಿತು. ಬೇಡ ಎಂದಷ್ಟೇ ಹೇಳಿ, ಜನರ ಅಗತ್ಯಕ್ಕೆ ಬೇರೆ ದಾರಿ ತೋರದ ಶಾಸನವನ್ನು ಜನ ದಾಟಿದರು. ಅಧಿಕಾರವನ್ನು ಕೊಟ್ಟು ಆಸರೆಯನ್ನು ಕೊಡದ ಶಾಸನ ನ್ಯಾಯಾಲಯದ ಕಟಕಟೆಯಲ್ಲಿ ಮುದಿಯಾಯಿತು.

ಇದು ಬರೀ ಹಿಂದಿನ ಮಾತಲ್ಲ. ಅಂದು ರಾಗಿ ಬೆಳೆಯುತ್ತಿದ್ದ ಇದೇ ನೆಲದ ಮೇಲೆ ಇಂದು ಬಾಡಿಗೆದಾರರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕಟ್ಟಡದ ಕೆಲಸಕ್ಕೆ ಬಂದ ಕಲ್ಯಾಣ ಕರ್ನಾಟಕದ ಕೂಲಿಯವರಿಂದ ಹಿಡಿದು ಗಾರ್ಮೆಂಟ್ಸ್ ಹೆಣ್ಣುಮಕ್ಕಳವರೆಗೆ ಅನೇಕರ ಕೈಯಲ್ಲಿರುವುದು ಹನ್ನೊಂದು ತಿಂಗಳ ಕರಾರು. ಹಲವರಿಗೆ ಅದೂ ಇಲ್ಲ. ಹನ್ನೊಂದೇ ತಿಂಗಳು ಏಕೆಂದರೆ, ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಪುಸ್ತಕದಲ್ಲಿದೆ. ಮನೆ ಮಾಲೀಕ ತಿಂಗಳ ಕೊನೆಗೆ ಖಾಲಿ ಮಾಡು ಎಂದಾಗ ಅದನ್ನು ಹಿಡಿದು ಹೋಗುವವರು ವಿರಳ. ಖಾತೆ ಸಕ್ರಮವಾದರೆ ನಿವೇಶನದ ಒಡೆಯನ ಆಸ್ತಿಗೆ ಬೆಲೆ ಏರುತ್ತದೆ, ಜೊತೆಗೆ ಬಾಡಿಗೆಯೂ ಏರುತ್ತದೆ. ಚೀಟಿಯಿಲ್ಲದೆ ಉಳುತ್ತಿದ್ದ ಗೇಣಿದಾರನ ಸ್ಥಿತಿಗೂ ಚೀಟಿಯಿಲ್ಲದೆ ಬದುಕುತ್ತಿರುವ ಬಾಡಿಗೆದಾರನ ಸ್ಥಿತಿಗೂ ಬಹಳ ದೂರವಿಲ್ಲ. ಕಾಗೋಡಿನ ಕೊಳಗದ ತಕರಾರಿನಿಂದ 1974ರ ನ್ಯಾಯಮಂಡಲಿಯವರೆಗೆ ಬರಲು ಇಪ್ಪತ್ಮೂರು ವರ್ಷ ಹಿಡಿಯಿತು. ಅಂದು ಕೇಳುವವರು ಒಟ್ಟುಗೂಡಿದ್ದರಿಂದಲೇ ಕಾನೂನು ಹೊಲದವರೆಗೆ ಬಂತು. ಇಂದಿನ ಬಾಡಿಗೆದಾರರು ಮಾತ್ರ ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಚದುರಿಹೋಗುವವರು.